ಬೆರಳಿಗೆ ಗೊತ್ತಿರುವ ಠ

ಯಾದಗಿರಿಯಿಂದ ಗುರುಮಠಕಲ್‌ಗೆ ಬರುವ ರಾತ್ರಿಯ ವಸ್ತಿ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕರೆ ನಾನು ಕಂಡಕ್ಟರನ ಹೆಬ್ಬೆರಳನ್ನೇ ನೋಡುತ್ತ ಕೂಡುತ್ತೇನೆ. ಎಡಗೈಯಲ್ಲಿ ಟಿಕೆಟ್ ಮಶೀನು, ಬಲಗೈ ಮೇಲಿನ ಸರಳಿನ ಮೇಲೆ. ಕಣ್ಣು ಮೂರನೇ ಸಾಲಿನಲ್ಲಿ ಕೂಸು ಕಟ್ಟಿಕೊಂಡು ಕೂತ ಹೆಣ್ಣುಮಗಳ ಮೇಲೆ. ಬಾಯಿ ಡ್ರೈವರ್ ಜೊತೆ ಮಾತಿನಲ್ಲಿ. ಇಷ್ಟರ ನಡುವೆ ಹೆಬ್ಬೆರಳು ತಾನೇ ಹತ್ತುವ ಸ್ಟೇಜು ಒತ್ತುತ್ತದೆ, ಇಳಿಯುವ ಸ್ಟೇಜು ಒತ್ತುತ್ತದೆ, ಫುಲ್ಲೋ ಹಾಫೋ ಲಗೇಜೋ ಒತ್ತುತ್ತದೆ. ಕರ್ರ್ ಎಂದು ಚೀಟಿ ಹೊರಬರುತ್ತದೆ. ಬಸ್ಸಿನೊಳಗೆ ಲೈಟು ಇಲ್ಲ, ರಸ್ತೆ ನೆಟ್ಟಗಿಲ್ಲ. ಆದರೂ ಬೆರಳು ತಪ್ಪುವುದಿಲ್ಲ. ಆ ಮಶೀನಿನ ರಬ್ಬರ್ ಗುಂಡಿಗಳ ಮೇಲಿನ ಅಂಕಿಗಳು ಅಳಿಸಿ ವರ್ಷಗಳಾಗಿವೆ. ಐದರ ಗುಂಡಿಯಂತೂ ಹೊಳೆಯುವಷ್ಟು ಸವೆದಿದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳಿಗೆಲ್ಲ ಶೂನ್ಯ ಟಿಕೆಟ್. ರೊಕ್ಕ ಎಣಿಸುವ ಕೆಲಸ ಕಡಿಮೆಯಾಯಿತು, ಗುಂಡಿ ಒತ್ತುವ ಕೆಲಸ ಹೆಚ್ಚಿತು. ಸಂತೆಯ ದಿನ ಬಸ್ಸು ತುಂಬಿ ಬಾಗಿಲಲ್ಲಿ ಜೋತಾಡುವಾಗ ಒಬ್ಬೊಬ್ಬರ ಆಧಾರ್ ನೋಡಿ, ಒಬ್ಬೊಬ್ಬರಿಗೂ ಚೀಟಿ ಹರಿದುಕೊಡಬೇಕು. ಆ ಕಂಡಕ್ಟರನಿಗೆ ಒಮ್ಮೆ ಕೇಳಿದೆ:

“ನೋಡದಾನೆ ಹ್ಯಾಂಗ ಒತ್ತತೀ ಅಣ್ಣ?”

“ನೋಡಿ ಒತ್ತಿದ್ರ ಆಗಲ್ಲ ಸರ. ನೋಡಿ ಒತ್ತಲಿಕ್ಕ ಹೋದ್ರ ಯಾದಗಿರಿ ದಾಟೂತನಕ ಅರ್ಧ ಬಸ್ಸಿಗಿ ಟಿಕೆಟ್ ಆಗಲ್ಲ. ಬಟ್ಟಿಗಿ ಗೊತ್ತದ.”

ಬಟ್ಟು ಅಂದರೆ ಬೆರಳು. ಬಟ್ಟಿಗೆ ಗೊತ್ತಿದೆ. ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಕೊಳ್ಳಬೇಕೆಂದು ಒಂದೂವರೆ ವರ್ಷ ಅಲೆದ ನನಗೆ ಅಂಗಡಿಯವರು ಯಾರೂ ಹೇಳದ ಮಾತನ್ನು ಈತ ಎರಡು ಪದದಲ್ಲಿ ಹೇಳಿದ.

ನಾನು ಊರೂರು ಸುತ್ತಿ ಸುದ್ದಿ ಬರೆಯುವವನು. ಗುರುಮಠಕಲ್ ತಾಲ್ಲೂಕು, ಅದರಾಚೆ ಯಾದಗಿರಿ, ಒಮ್ಮೊಮ್ಮೆ ಶಹಾಪುರ, ಸುರಪುರ. ನನ್ನ ಕಚೇರಿ ಎಂದರೆ ಬಸ್ಸಿನ ಸೀಟು, ಚಹಾ ಅಂಗಡಿಯ ಬೆಂಚು, ಗುಡಿಯ ಕಟ್ಟೆ. ಬಹಳ ದಿನ ಫೋನಿನಲ್ಲೇ ಬರೆದೆ. ಈಗ ಎಲ್ಲರೂ ಹಾಗೇ ಬರೆಯುತ್ತಾರೆ. ಅದು ಸಾಲದು ಎಂದು ನನಗೆ ಅನ್ನಿಸಿದ್ದು ಕಂದಕೂರಿನಲ್ಲಿ.

ಕಂದಕೂರು ನಮ್ಮ ತಾಲ್ಲೂಕಿನ ಊರು. ನಾಗರ ಪಂಚಮಿಯ ದಿನ ಅಲ್ಲಿ ಕೊಂಡಮ್ಮ ದೇವಿಯ ಗುಡ್ಡದಲ್ಲಿ ಚೇಳಿನ ಜಾತ್ರೆ. ಬೇರೆ ಕಡೆ ಹುತ್ತಕ್ಕೆ ಹಾಲೆರೆದರೆ ಇಲ್ಲಿ ಜನ ಗುಡ್ಡದ ಕಲ್ಲು ಸರಿಸಿ ಚೇಳು ಹಿಡಿಯುತ್ತಾರೆ. ಅಂಗೈ ಮೇಲೆ, ಹೆಗಲ ಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಸಣ್ಣ ಹುಡುಗರೂ ದಾರಕ್ಕೆ ಕಟ್ಟಿ ಹಿಡಿದು ನಿಲ್ಲುತ್ತಾರೆ. ಆ ದಿನ ಚೇಳು ಕುಟುಕುವುದಿಲ್ಲ ಎಂಬ ನಂಬಿಕೆ ಈ ಕಡೆ ಗಟ್ಟಿಯಾಗಿದೆ, ಆಂಧ್ರ, ತೆಲಂಗಾಣದಿಂದಲೂ ಜನ ಬರುತ್ತಾರೆ. ಶ್ರಾವಣ ಅಲ್ಲವೇ, ಜಿಟಿಜಿಟಿ ಮಳೆ. ನಾನು ಗುಡ್ಡದ ಮೇಲೆ ಒಂದು ಕಲ್ಲಿಗೆ ಒರಗಿ ಫೋನಿನಲ್ಲಿ ವರದಿ ಬರೆಯಲು ಕೂತೆ. ಗಾಜಿನ ಮೇಲೆ ಹನಿ ಬಿದ್ದರೆ ಅದನ್ನೂ ಫೋನು ಬೆರಳೆಂದೇ ತಿಳಿಯುತ್ತದೆ. ನಾನು ಒತ್ತದ ಅಕ್ಷರ ಮೂಡುತ್ತಿತ್ತು, ಒತ್ತಿದ್ದು ಮೂಡುತ್ತಿರಲಿಲ್ಲ. ಅಂಗಿಯ ತುದಿಯಿಂದ ಒರೆಸುವುದು, ಬರೆಯುವುದು, ಮತ್ತೆ ಒರೆಸುವುದು. ಹೇಗೋ ಮುಗಿಸಿ, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋಗಿ ಕಳಿಸಿದೆ.

ಮರುದಿನ ಗೊತ್ತಾಯಿತು. ಒಂದು ಕಡೆ ಕಂದಕೂರು ಎಂದು ಬರೆದಿದ್ದನ್ನು ಫೋನು ತಾನೇ ತಿದ್ದಿ ಕುಂದಾಪುರ ಮಾಡಿತ್ತು. ಅವಸರದಲ್ಲಿ ನಾನು ನೋಡಿರಲಿಲ್ಲ. ಆ ಊರಿನ ಹಿರಿಯರೊಬ್ಬರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, ಸಿಟ್ಟಿಲ್ಲದೆ, ಮೆತ್ತಗೆ, “ನಮ್ಮೂರ ಹೆಸರು ನಿಮಗೂ ಗೊತ್ತಿಲ್ಲೇನ್ರಿ?” ಎಂದು ಕೇಳಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಸುದ್ದಿಯಲ್ಲಿ ನಮ್ಮ ಊರುಗಳ ಹೆಸರು ಬರುವುದೇ ವರ್ಷಕ್ಕೊಮ್ಮೆ. ಬಂದಾಗಲೂ ತಪ್ಪಾಗಿ ಬಂದರೆ?

ಹೆಸರಿನ ಮಾತು ಬಂತಲ್ಲ, ನಮ್ಮ ಊರಿನ ಹೆಸರನ್ನೇ ನೋಡಿ. ಒಂದು ಬೋರ್ಡಿನಲ್ಲಿ ಗುರುಮಠಕಲ್, ಇನ್ನೊಂದರಲ್ಲಿ ಗುರುಮಿಠಕಲ್, ಮತ್ತೊಂದರಲ್ಲಿ ಠ ಹೋಗಿ ಟ ಬಂದ ಗುರುಮಟಕಲ್. ಇಂಗ್ಲಿಷಿನಲ್ಲಿ ಬರೆದವರು ಅವರವರ ಕಿವಿಗೆ ಬಿದ್ದ ಹಾಗೆ. ಮಠ ಇರುವ ಊರು, ಖಾಸಾ ಮಠ ಊರೊಳಗೇ ಇದೆ. ನಾನಂತೂ ಮಠದ ಠ ಬಿಡುವವನಲ್ಲ. ಗಡಿಯ ಊರಾದ್ದರಿಂದ ಇಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ನಾಲಿಗೆಯ ಮೇಲೆ ಇರುತ್ತವೆ. ದುಕಾನದಲ್ಲಿ ಒಂದು ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ತಿರುಗಿ ಉರ್ದುವಿನಲ್ಲಿ ಲೆಕ್ಕ ಮುಗಿಯುತ್ತದೆ. ಇಂಥ ನುಡಿಯನ್ನು ಫೋನಿನ ಪದಪಟ್ಟಿ ಹೇಗೆ ಊಹಿಸೀತು? “ಹೋಗ್ಲಿಕತ್ತೀನಿ” ಎಂದು ಒಬ್ಬ ರೈತ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಲು ಹೋದರೆ ಅದು ಕೆಂಪು ಗೀಟು ಎಳೆಯುತ್ತದೆ, ಇಲ್ಲವೇ ಪುಸ್ತಕದ ಮಾತಿಗೆ ತಿರುಗಿಸುತ್ತದೆ.

ಬಾಯಿಂದ ಹೇಳಿ ಬರೆಸಬಹುದಲ್ಲ ಎಂದು ಗೆಳೆಯರು ಹೇಳಿದರು. ಹೇಳಿ ನೋಡಿದೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಹೇಳಿದರೆ ತಕ್ಕಮಟ್ಟಿಗೆ ಬರೆಯುತ್ತದೆ. ಆದರೆ ನನ್ನ ಬರವಣಿಗೆ ನಡೆಯುವುದು ಬಸ್ಸಿನಲ್ಲಿ. ಕೂಲಿ ಸಿಗದ ಹೆಣ್ಣುಮಗಳೊಬ್ಬಳು ನನಗೊಬ್ಬನಿಗೇ ಹೇಳಿದ ದುಃಖವನ್ನು ನಲವತ್ತು ಜನರ ನಡುವೆ ಜೋರಾಗಿ ಫೋನಿಗೆ ಹೇಳಲು ಆಗುತ್ತದೆಯೇ? ಆಕೆಯ ಹೆಸರು ಕೇಳಿಸಿಕೊಳ್ಳುವವರು ಅದೇ ಬಸ್ಸಿನಲ್ಲಿ ಇರುತ್ತಾರೆ. ಕೆಲವು ಮಾತು ಬಾಯಿಗೆ ಬರದೆ ನೇರ ಕೈಗೇ ಇಳಿಯಬೇಕು.

ಹೀಗಾಗಿ ಗುಂಡಿ ಇರುವ, ಜೋಳಿಗೆಯಲ್ಲಿ ಹಿಡಿಯುವ, ತೊಡೆಯ ಮೇಲೆ ನಿಲ್ಲುವ ಒಂದು ಯಂತ್ರ ಬೇಕೆಂದು ಹೊರಟೆ.

ಹೊಸದೇನೂ ಅಲ್ಲ ಈ ಆಸೆ. ಹಿಂದೆ ಕನ್ನಡ ನಾಡಿನ ಶಾನುಭೋಗರು, ವ್ಯಾಪಾರಿಗಳು ಕಡತ ಇಟ್ಟುಕೊಳ್ಳುತ್ತಿದ್ದರು. ಬಟ್ಟೆಗೆ ಹುಣಸೆ ಬೀಜದ ಸರಿ ಬಳಿದು, ಇದ್ದಿಲ ಪುಡಿ ಸೇರಿಸಿ, ಒಣಗಿಸಿ ಗಟ್ಟಿ ಮಾಡಿದ ಕಪ್ಪು ಹಾಳೆ. ಮಡಿಕೆ ಮಡಿಕೆಯಾಗಿ ಮಡಚಿದರೆ ಪುಸ್ತಕ, ಬಿಡಿಸಿದರೆ ಉದ್ದನೆಯ ಪಟ್ಟಿ. ಬಳಪದಿಂದ ಬರೆದರೆ ಕಪ್ಪಿನ ಮೇಲೆ ಬಿಳಿ ಅಕ್ಷರ. ಬೇಡವಾದರೆ ಒರೆಸಿ ಮತ್ತೆ ಬಳಿದು ಮತ್ತೆ ಬರೆಯಬಹುದು. ಕಂಕುಳಲ್ಲಿ ಇಟ್ಟುಕೊಂಡು ಹೊಲದ ಬದುವಿನ ಮೇಲೆ ನಿಂತೇ ಲೆಕ್ಕ ಬರೆಯಬಹುದು. ಕಡತ ಎಂಬ ಮಾತು ಈಗ ಸರ್ಕಾರಿ ಫೈಲಿಗೆ ಅಂಟಿಕೊಂಡಿದೆ. ಹಳೆಯ ಕಡತ ನೆನೆದರೆ ನನಗೆ ಅದರ ಮಡಿಕೆಯ ಮೇಲೆ ಪ್ರೀತಿ ಹುಟ್ಟುತ್ತದೆ. ಮೇಜು ಕೇಳದ ಸಾಧನ ಅದು.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆಯಲ್ಲ, ಅದನ್ನು ನೋಡಿದಾಗಲೂ ಇದೇ ಯೋಚನೆ. ಅದನ್ನು ಕಟ್ಟಿಸಿದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1840ರಿಂದ 1853ರವರೆಗೆ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬಾತ್ಮೀದಾರನಾಗಿದ್ದ. ಆ ವರ್ಷಗಳಲ್ಲಿ ಹೆಚ್ಚಿನ ಕಾಲ ಇದ್ದದ್ದು ಸುರಪುರ ಸಂಸ್ಥಾನದಲ್ಲಿ, ಬಾಲಕ ರಾಜಾ ವೆಂಕಟಪ್ಪ ನಾಯಕರ ಕಾಲದ ಆಡಳಿತ ನೋಡಿಕೊಂಡು. ಅಂದರೆ ನಮ್ಮ ಈ ನೆಲದಿಂದ ಸುದ್ದಿ ಬರೆದು ದೂರಕ್ಕೆ ಕಳಿಸುವ ಕಸುಬಿಗೆ ನೂರೆಂಬತ್ತು ವರ್ಷ ಆಯಿತು. ಅವನ ಟಪಾಲು ಹಡಗೇರಿ ವಾರಗಟ್ಟಲೆ ಹೋಗುತ್ತಿತ್ತು. ನನ್ನದು ಒಂದು ಕ್ಷಣದಲ್ಲಿ ಹೋಗುತ್ತದೆ. ಆದರೆ ಅವನು ದವತಿಯಲ್ಲಿ ಅದ್ದಿ ಬರೆದ ಹೆಸರನ್ನು ಲೇಖನಿ ತಾನಾಗಿ ತಿದ್ದುತ್ತಿರಲಿಲ್ಲ.

ಕರ್ನಾಟಕದಲ್ಲಿ ಅಂಗೈ ಕಂಪ್ಯೂಟರಿನ ಮಾತು ಎತ್ತಿದವರು ಸಿಂಪ್ಯೂಟರನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 1998ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು, ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಹಳ್ಳಿಯವರಿಗಾಗಿ ಒಂದು ಅಗ್ಗದ ಯಂತ್ರ ಮಾಡಬೇಕೆಂದು ಹೊರಟರು. ಸರಳವಾಗಿರಬೇಕು, ಅಗ್ಗವಾಗಿರಬೇಕು, ನಮ್ಮ ಭಾಷೆಗಳಲ್ಲಿ ಮಾತಾಡಬೇಕು. ಓದು ಬಾರದವರಿಗೂ ಕನ್ನಡದಲ್ಲಿ ಓದಿ ಹೇಳಬೇಕು. ಒಂದು ಯಂತ್ರವನ್ನು ಹತ್ತಾರು ಜನ ಹಂಚಿಕೊಳ್ಳಲೆಂದು ಪ್ರತಿಯೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡ್. 2004ರಲ್ಲಿ ಪಿಕೋಪೇಟಾ ಮತ್ತು ಬಿಇಎಲ್ ಕಂಪನಿಗಳು ಸೇರಿ ಅದನ್ನು ಅಮಿದಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೂ ಸಿಂಪ್ಯೂಟರ್ ಬಳಸಿತು. ಕೈಯಲ್ಲಿ ಹಿಡಿಯುವ ಯಂತ್ರ ಹಳ್ಳಿಯ ಅಗತ್ಯದಿಂದ ಹುಟ್ಟಬೇಕು ಎಂದು ಜಗತ್ತಿನಲ್ಲಿ ಬಹಳ ಜನ ಯೋಚಿಸದಿದ್ದ ಕಾಲದಲ್ಲಿ ಬೆಂಗಳೂರಿನ ಆ ಜನ ಯೋಚಿಸಿದರು. ಅದನ್ನು ಸೋತ ಯಂತ್ರ ಎಂದು ಕೈಬೀಸಿ ತಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ಅದಕ್ಕೆ ಕೀಲಿಮಣೆ ಇರಲಿಲ್ಲ. ಪರದೆಯ ಮೇಲೆ ಕಡ್ಡಿಯಿಂದ ಚುಚ್ಚಿ ಬರೆಯಬೇಕು. ಓದುವವನಿಗೆ, ಕೇಳುವವನಿಗೆ ಅದು ಸಾಕು. ದಿನಕ್ಕೆ ಸಾವಿರ ಪದ ಬರೆಯುವವನಿಗೆ ಸಾಲದು.

ಬರೆಯುವವರಿಗೆಂದೇ ಮಾಡಿದ ಯಂತ್ರಗಳೂ ಇದ್ದವು. 1983ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟಿಆರ್‌ಎಸ್-80 ಮಾಡೆಲ್ 100 ಎಂಬುದನ್ನು ಅಲ್ಲಿನ ವರದಿಗಾರರು ತೊಡೆಯ ಮೇಲಿಟ್ಟುಕೊಂಡು ಊರೂರು ತಿರುಗಿದರು. ಪೂರ್ತಿ ಅಳತೆಯ ಕೀಲಿಮಣೆ, ಎಂಟೇ ಎಂಟು ಸಾಲಿನ ಪರದೆ, ನಾಲ್ಕು ಪೆನ್ಸಿಲ್ ಸೆಲ್ಲು ಹಾಕಿದರೆ ಇಪ್ಪತ್ತು ತಾಸು ನಡೆಯುತ್ತಿತ್ತು. ಆಮೇಲೆ ಇಂಗ್ಲೆಂಡಿನ ಸಿಯಾನ್ ಕಂಪನಿ 1991ರಲ್ಲಿ ಸೀರೀಸ್ 3, 1997ರಲ್ಲಿ ಸೀರೀಸ್ 5 ಮಾಡಿತು. ಎಚ್‌ಪಿಯ 200ಎಲ್‌ಎಕ್ಸ್ 1994ರದು. ಸಿಯಾನ್, ಎಚ್‌ಪಿ ಯಂತ್ರಗಳೆಲ್ಲ ಕನ್ನಡಕದ ಡಬ್ಬಿಗಿಂತ ಸ್ವಲ್ಪ ದೊಡ್ಡವು, ಎರಡೇ ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುವಂಥವು. ಪೆನ್ಸಿಲ್ ಸೆಲ್ಲು! ಗುರುಮಠಕಲ್‌ನ ಯಾವ ಕಿರಾಣಿ ಅಂಗಡಿಯಲ್ಲಾದರೂ ಕೇಳಿ, ಬ್ಯಾಟರಿ ದೀಪಕ್ಕೆ ಗೋಡೆ ಗಡಿಯಾರಕ್ಕೆ ಎಂದು ಇಟ್ಟೇ ಇರುತ್ತಾರೆ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಚಾರ್ಜರಿನ ವೈರು ಹಿಡಿದು ಗೋಡೆ ಗೋಡೆ ಹುಡುಕುವ ನನಗೆ ಆ ಹಳೆಯ ಏರ್ಪಾಡು ಎಷ್ಟು ಚೆಂದವೆನ್ನಿಸುತ್ತದೆ.

ಆದರೆ ಆ ಯಂತ್ರಗಳಿಗೆ ಕನ್ನಡ ಬರುತ್ತಿರಲಿಲ್ಲ. ಒತ್ತಕ್ಷರ ಕೆಳಗೆ ಕೂರಬೇಕು, ಅರ್ಕಾವತ್ತು ಪಕ್ಕಕ್ಕೆ ಹೋಗಬೇಕು, ಇ-ಕಾರ ತಲೆಕಟ್ಟಿನ ಜೊತೆ ಬೆಸೆಯಬೇಕು. ಇಷ್ಟು ತಿಳಿವಳಿಕೆ ಸಾಮಾನ್ಯ ಕಂಪ್ಯೂಟರಿಗೇ ಬೇರೆ ತಂತ್ರಾಂಶದ ಹಂಗಿಲ್ಲದೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಿಂದ, ತುಂಗಾ ಎಂಬ ಅಕ್ಷರ ಮಾದರಿಯೊಂದಿಗೆ. ಕೈಯಂತ್ರಗಳಿಗೆ ಇನ್ನೂ ತಡವಾಯಿತು. ಕೀಲಿಮಣೆಯ ಒಳ್ಳೆಯ ಕೈಯಂತ್ರಗಳಿದ್ದ ಕಾಲದಲ್ಲಿ ಅವಕ್ಕೆ ಕನ್ನಡ ಇರಲಿಲ್ಲ. ಕೈಯಂತ್ರಗಳಿಗೆ ಕನ್ನಡ ಬರುವ ಹೊತ್ತಿಗೆ ಕೀಲಿಮಣೆ ಹೋಗಿ ಗಾಜು ಬಂದಿತ್ತು. ಬ್ಲ್ಯಾಕ್‌ಬೆರಿ 2016ರಲ್ಲಿ ತಾನೇ ಫೋನು ಮಾಡುವುದನ್ನು ನಿಲ್ಲಿಸಿತು. 2022ರ ಜನವರಿ 4ರಂದು ಹಳೆಯ ಫೋನುಗಳ ಸೇವೆಯನ್ನೂ ಮುಚ್ಚಿತು. ನೋಕಿಯಾದ ಕಮ್ಯುನಿಕೇಟರ್ ಅದಕ್ಕೂ ಎಷ್ಟೋ ಮೊದಲೇ ಹೋಗಿತ್ತು. ನಮ್ಮ ಭಾಷೆ ಬಾಗಿಲಿಗೆ ಬಂದಾಗ ಮದುವೆ ಊಟ ಮುಗಿದಿತ್ತು.

ಈಗ ಕೀಲಿಯ ಲೆಕ್ಕಕ್ಕೆ ಬರುತ್ತೇನೆ. ಇದನ್ನು ಕೊಂಚ ನಿಧಾನವಾಗಿ ಹೇಳಬೇಕು, ಕನ್ನಡ ಬರೆಯುವವರು ಇಂಥ ಯಂತ್ರ ಕೊಳ್ಳುವಾಗ ನೋಡಬೇಕಾದದ್ದು ಮುಖ್ಯವಾಗಿ ಇದನ್ನೇ.

ಕನ್ನಡಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ವಿನ್ಯಾಸಗಳು ಎರಡು. ಒಂದು ಇನ್‌ಸ್ಕ್ರಿಪ್ಟ್, ಭಾರತದ ಎಲ್ಲ ಭಾಷೆಗಳಿಗೂ ಒಂದೇ ನಕ್ಷೆ ಎಂದು ಮಾಡಿದ್ದು. ಇನ್ನೊಂದು ಕೆ.ಪಿ. ರಾವ್ ವಿನ್ಯಾಸ. ಮಂಗಳೂರು ಕಡೆಯ ಕಿನ್ನಿಕಂಬಳದ ಪದ್ಮನಾಭ ರಾಯರು ಕನ್ನಡದ ಅಷ್ಟೂ ಅಕ್ಷರಗಳನ್ನು ಇಂಗ್ಲಿಷಿನ 26 ಕೀಲಿಗಳೊಳಗೇ ಕೂರಿಸಿದರು. ಕ, ಗ, ತ, ಮ, ಯ ಎಲ್ಲ ಆಯಾ ಸದ್ದಿನ ಇಂಗ್ಲಿಷ್ ಅಕ್ಷರದ ಮೇಲೆ. ಮಹಾಪ್ರಾಣ ಬೇಕಾದರೆ ಅದೇ ಕೀಲಿಗೆ ಶಿಫ್ಟ್. ಟ ಕ್ಯೂ ಮೇಲೆ, ಡ ಡಬ್ಲ್ಯೂ ಮೇಲೆ, ಅಕ್ಷರ ಅರ್ಧ ಮಾಡುವ ಕೊಂಡಿ ಎಫ್ ಮೇಲೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಇದು ರಾಜ್ಯದ ಕಚೇರಿಗಳಿಗೆಲ್ಲ ಹೋಯಿತು. ಲಿನಕ್ಸಿನಲ್ಲಿ ಇವತ್ತಿಗೂ ಕಗಪ ಎಂಬ ಹೆಸರಿನಲ್ಲೇ ಸಿಗುತ್ತದೆ.

ಗುರುಮಠಕಲ್ ಎಂದು ಬರೆಯಿರಿ. ಗ, ಉ, ರ, ಉ, ಮ, ಶಿಫ್ಟ್ ಹಿಡಿದು ಕ್ಯೂ, ಕ, ಲ, ಕೊನೆಗೆ ಎಫ್. ಒಂಬತ್ತು ಒತ್ತು. ಇನ್‌ಸ್ಕ್ರಿಪ್ಟಿನಲ್ಲೂ ಒಂಬತ್ತೇ. ಹಾಗಾದರೆ ವ್ಯತ್ಯಾಸ ಏನು? ಇನ್‌ಸ್ಕ್ರಿಪ್ಟಿನಲ್ಲಿ ಟ, ಠ ಇರುವುದು ಉದ್ಧರಣ ಚಿಹ್ನೆಯ ಕೀಲಿಯ ಮೇಲೆ. ಚ, ಛ ಅರ್ಧವಿರಾಮದ ಮೇಲೆ. ಡ, ಢ ಚೌಕ ಆವರಣದ ಮೇಲೆ. ದೊಡ್ಡ ಕೀಲಿಮಣೆಯಲ್ಲಿ ಅವೆಲ್ಲ ಬಲಗಡೆ ಕಿರುಬೆರಳಿನ ಹತ್ತಿರವೇ ಇವೆ. ಆದರೆ ಯಂತ್ರ ಸಣ್ಣದಾದಾಗ ತಯಾರಕರು ಮೊದಲು ಕತ್ತರಿಸುವುದು ಇದೇ ಚಿಹ್ನೆಗಳ ಕೀಲಿಗಳನ್ನು. ಇಂಗ್ಲಿಷ್ ಬರೆಯುವವನಿಗೆ ಚೌಕ ಆವರಣ ಯಾಕೆ ಬೇಕು ಎಂದು ಅವನ್ನು ಮೇಲಿನ ಸಾಲಿಗೆ ದೂಡುತ್ತಾರೆ, ಇಲ್ಲವೇ ಎಫ್‌ಎನ್ ಗುಂಡಿಯ ಕೆಳಗೆ ಬಚ್ಚಿಡುತ್ತಾರೆ. ಅಲ್ಲಿಗೆ ಕನ್ನಡದ ಡ, ಚ, ಟ ಹೋದವು. ಹಾಡು, ಮಾಡು, ನೋಡು, ಬಿಡು, ಡ ಇಲ್ಲದ ಒಂದು ವಾಕ್ಯವಾದರೂ ನಮ್ಮಲ್ಲಿ ಇದೆಯೇ? 26 ಅಕ್ಷರದ ಕೀಲಿಗಳನ್ನು ಮಾತ್ರ ಯಾವ ತಯಾರಕನೂ ತೆಗೆಯಲಾರ. ರಾಯರು ಇದನ್ನು ಮಾಡಿದಾಗ ಇಂಥ ಪುಟ್ಟ ಯಂತ್ರಗಳು ಅವರ ಕಣ್ಣ ಮುಂದೆ ಇರಲಿಲ್ಲ. ಆದರೂ ಜಗತ್ತಿನ ಅತಿ ಚಿಕ್ಕ ಕೀಲಿಮಣೆಯಲ್ಲೂ ಕನ್ನಡ ಪೂರ್ತಿ ಹಿಡಿಯುತ್ತದೆ ಎಂದರೆ ಅದು ಅವರು ಕೈಯಾರೆ ಕೊಟ್ಟ ವರ. ಇದು ಹೊಳೆದ ದಿನ ನಾನು ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಮನೆಯಾಕೆ, “ರೊಟ್ಟಿ ಆರಲಿಕತ್ತದ, ಏನ್ ಯೋಚನಿ?” ಎಂದಳು. ಹೇಳಿದೆ. ಆಕೆಗೂ ಖುಷಿಯಾಯಿತು. ಅಂಗನವಾಡಿಯ ಲೆಕ್ಕವನ್ನೆಲ್ಲ ಫೋನಿನಲ್ಲಿ ತುಂಬುವವಳು ಆಕೆ.

ಆಕೆಯ ಮಾತು ಬಂದದ್ದರಿಂದ ಇನ್ನೊಂದು ಹೇಳದೆ ಇರಲಾರೆ. ಓಡಾಡಿಕೊಂಡು ಕಂಪ್ಯೂಟರ್ ಕೆಲಸ ಮಾಡುವವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ ಇದ್ದಾರೆ ಎಂದು ಲೆಕ್ಕ ಹಾಕಿ ನೋಡಿ. ಪೋಷಣ್ ಟ್ರ್ಯಾಕರಿನಲ್ಲಿ ಮಕ್ಕಳ ತೂಕ, ಎತ್ತರ ತುಂಬುವ ಅಂಗನವಾಡಿ ಅಕ್ಕ. ಮನೆ ಮನೆಗೆ ಹೋಗುವ ಆಶಾ ಅಕ್ಕ. ಕರೆಂಟಿನ ಬಿಲ್ಲು ಬಾಗಿಲಲ್ಲೇ ಹರಿದುಕೊಡುವ ಮೀಟರ್ ರೀಡರ್. ವೃದ್ಧಾಪ್ಯ ವೇತನವನ್ನು ಅಜ್ಜಿಯ ಹೆಬ್ಬೆಟ್ಟು ಒತ್ತಿಸಿ ಮನೆಯ ಕಟ್ಟೆಯ ಮೇಲೇ ಕೊಡುವ ಬ್ಯಾಂಕ್ ಮಿತ್ರ. ಬೆಳೆ ಸಮೀಕ್ಷೆಗೆ ಹೊಲಕ್ಕೆ ಹೋಗಿ ತೊಗರಿಯೋ ಹತ್ತಿಯೋ ಹೆಸರೋ ಎಂದು ಫೋಟೋ ಸಹಿತ ದಾಖಲು ಮಾಡುವ ಹುಡುಗರು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತರಲ್ಲ, ಅವರ ದೊಡ್ಡ ದೂರು ಇದೇ ಆಗಿತ್ತು. ಒಂದರ ಮೇಲೊಂದು ಆ್ಯಪ್ ಹೇರುತ್ತೀರಿ, ಅದಕ್ಕೆ ಬೇಕಾದ ಮೊಬೈಲು, ಲ್ಯಾಪ್‌ಟಾಪು, ಕೂಡಲು ಕುರ್ಚಿ ಕೊಡುವುದಿಲ್ಲ. ಮೀಟರ್ ರೀಡರಿಗೂ ಕಂಡಕ್ಟರಿಗೂ ಗುಂಡಿಯ ಯಂತ್ರ ಸಿಕ್ಕಿತು, ಯಾಕೆಂದರೆ ಅವರು ಒತ್ತುವುದು ಅಂಕಿ. ಅಕ್ಷರ ಬರೆಯುವವರಿಗೆ ಸಿಕ್ಕಿದ್ದು ಗಾಜು. ಹೆಸರು, ವಿಳಾಸ, ಅರ್ಜಿಯ ಕಾರಣ ಬರೆಯುವಾಗ ನನ್ನ ಮನೆಯಾಕೆ ಎರಡು ಹೆಬ್ಬೆರಳಿನಲ್ಲಿ ಗಾಜು ಕುಟ್ಟುತ್ತ ರಾತ್ರಿ ಹತ್ತರವರೆಗೆ ಕೂತದ್ದನ್ನು ನೋಡಿದ್ದೇನೆ. ಬೆಳಗ್ಗೆ ರೊಟ್ಟಿ ಬಡಿಯುವಾಗ ಹೆಬ್ಬೆರಳಿನ ಬುಡ ಹಿಡಿದುಕೊಳ್ಳುತ್ತಾಳೆ. ಯಂತ್ರ ಆರಿಸುವ ಮೇಜಿನ ಸುತ್ತ ಕೂತವರಲ್ಲಿ ಒಬ್ಬರಾದರೂ ಅವಳ ಕೈ ನೋಡಿದ್ದರೆ?

ನನ್ನ ಹುಡುಕಾಟಕ್ಕೆ ಬರುತ್ತೇನೆ. ಮೊದಲು ಮಡಚುವ ಬ್ಲೂಟೂತ್ ಕೀಲಿಮಣೆ ಕೊಂಡೆ. ಫೋನನ್ನು ಅದರ ಮುಂದೆ ನಿಲ್ಲಿಸಿ ಬರೆಯಬೇಕು. ಚಹಾ ಅಂಗಡಿಯ ಟೇಬಲ್ ಮೇಲೆ ಬಹಳ ಚೆನ್ನಾಗಿತ್ತು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟರೆ ನಡುವೆ ಮಡಚಿಕೊಳ್ಳುತ್ತದೆ, ಫೋನು ಮುಂದಕ್ಕೆ ಬೀಳುತ್ತದೆ. ಒಮ್ಮೆ ರಾಮಸಮುದ್ರದ ಹತ್ತಿರ ಬ್ರೇಕ್ ಹಾಕಿದಾಗ ಫೋನು ಮುಂದಿನ ಸೀಟಿನ ಅಜ್ಜಿಯ ಚೀಲಕ್ಕೇ ಹೋಯಿತು. ಆಕೆ ಎತ್ತಿ ಕೊಟ್ಟು, “ಹಿಡ್ಕೊ ಮಗಾ, ಒಡದ್ರ ಮತ್ತ ಖರ್ಚು” ಎಂದಳು. ಅಂದು ತಿಳಿಯಿತು. ಬಸ್ಸಿನಲ್ಲಿ ಬರೆಯುವವನಿಗೆ ಕೀಲಿಗಿಂತ ಮೊದಲು ಬೇಕಾದದ್ದು ಕೀಲು. ಪರದೆಯನ್ನೂ ಕೀಲಿಮಣೆಯನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುವ, ಬಿಟ್ಟ ಕೋನದಲ್ಲೇ ನಿಲ್ಲುವ ಕೀಲು.

ಆಮೇಲೆ ಹಳೆಯದೊಂದು ಗುಂಡಿ ಫೋನನ್ನು ಆನ್‌ಲೈನಿನಲ್ಲಿ ತರಿಸಿದೆ. ಕೈಗೆ ಬಂದ ಮೂರನೇ ವಾರಕ್ಕೆ ರ ಕೀಲಿ ಎರಡೆರಡು ಸಲ ಒತ್ತತೊಡಗಿತು. ಮಾರಿದವರು ಫೋನ್ ಎತ್ತಲಿಲ್ಲ. ರ ಇಲ್ಲದೆ ಕರ್ನಾಟಕ ಬರೆಯಲಾಗದು, ರೈತ ಬರೆಯಲಾಗದು, ಬರ ಬರೆಯಲಾಗದು. ರಿಪೇರಿಗೆಂದು ಯಾದಗಿರಿಯಲ್ಲಿ ಕೇಳಿದರೆ ಆ ಬಿಡಿಭಾಗದ ಹೆಸರೇ ಕೇಳಿಲ್ಲ ಎಂದರು. ನಮ್ಮ ಊರಿಗೆ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ಕೊಡಂಗಲ್ ಹಿಡಿದು ಹೋದರೆ ಬೆಳಗ್ಗೆ ಹೊರಟು ರಾತ್ರಿಗೆ ಮನೆ ಸೇರಬಹುದು. ಸಿಕಂದರಾಬಾದಿನ ಪಾರ್ಕ್ ಲೇನಿನ ಕಂಪ್ಯೂಟರ್ ಬಜಾರಿನಲ್ಲಿ ಮೂರು ಸಲ ಅಂಗಡಿ ಅಂಗಡಿ ಹತ್ತಿ ಇಳಿದೆ.

ಮೈಬೆವರು ಸುರಿಸಿ ತಿಳಿದದ್ದು ಇಷ್ಟು. ಈ ಬಗೆಯ ಯಂತ್ರ ಈಗಲೂ ಮಾಡುವವರು ಬೆರಳೆಣಿಕೆಯಷ್ಟು. ಲಂಡನ್ನಿನ ಪ್ಲಾನೆಟ್ ಕಂಪ್ಯೂಟರ್ಸ್ 2018ರಲ್ಲಿ ಜೆಮಿನಿ ತಂದಿತು. ಸಿಯಾನ್ ಸೀರೀಸ್ 5ರ ಕೀಲಿಮಣೆ ರೂಪಿಸಿದ ಮಾರ್ಟಿನ್ ರಿಡಿಫರ್ಡ್ ಅವರೇ ಇದರದನ್ನೂ ರೂಪಿಸಿದರು. ಜೇಬಿಗೆ ಹಿಡಿಯುತ್ತದೆ, ಆದರೆ ಇಲ್ಲಿ ಕೈಗೆ ಸಿಗುವುದು ಕಷ್ಟ. ಚೀನಾದ ಶೆನ್‌ಜೆನ್‌ನ ಜಿಪಿಡಿ 2017ರಲ್ಲಿ ಏಳು ಇಂಚಿನ ಪಾಕೆಟ್ ಮಾಡಿತು. 2019ರಲ್ಲಿ ಆರು ಇಂಚಿನ ಮೈಕ್ರೋಪಿಸಿ ಮಾಡಿತು. ಮೈಕ್ರೋಪಿಸಿಯ ತೂಕ 440 ಗ್ರಾಂ. ಯಂತ್ರಗಳನ್ನು ರಿಪೇರಿ ಮಾಡುವ ಎಂಜಿನಿಯರುಗಳಿಗೆಂದು ಅದರ ಬೆನ್ನಿಗೆ ಹಳೆಯ ಕಾಲದ ಸೀರಿಯಲ್ ಪೋರ್ಟ್, ನೆಟ್‌ವರ್ಕ್ ತೂತು ಎಲ್ಲ ಇಟ್ಟಿದ್ದಾರೆ. ಅದರ ಕೀಲಿಗಳು ಎರಡು ಹೆಬ್ಬೆರಳಿಗೆ ಸರಿ, ಹತ್ತು ಬೆರಳಿಗೆ ಅಲ್ಲ. ಸಾಮಾನ್ಯ ಕೀಲಿಮಣೆಯಲ್ಲಿ ಒಂದು ಕೀಲಿಯ ನಡುವಿನಿಂದ ಮುಂದಿನ ಕೀಲಿಯ ನಡುವಿಗೆ 19 ಮಿಲಿಮೀಟರ್ ಇರುತ್ತದೆ. ಅದು ಕುಗ್ಗಿದಷ್ಟೂ ಬೆರಳು ಗೊಂದಲಕ್ಕೆ ಬೀಳುತ್ತದೆ. ಅಂಗಡಿಯವರು ಪ್ರೊಸೆಸರು, ಜಿಬಿ, ಪರದೆಯ ಚುಕ್ಕೆ ಹೇಳುತ್ತಾರೆ. ನಾನು ಸ್ಕೇಲು ತೆಗೆದು ಕೀಲಿ ಅಳೆದೆ, ತೊಡೆಯ ಮೇಲಿಟ್ಟು ಕಾಲು ಕುಣಿಸಿ ನೋಡಿದೆ. ಒಬ್ಬ ಹುಡುಗ ವಿಚಿತ್ರವಾಗಿ ನೋಡಿದ. ಯಾದಗಿರಿ–ಗುರುಮಠಕಲ್ ರಸ್ತೆ ಅವನಿಗೇನು ಗೊತ್ತು.

ಕೊನೆಗೆ ಕೊಂಡದ್ದು ಸೆಕೆಂಡ್ ಹ್ಯಾಂಡ್ ಏಳು ಇಂಚಿನ ಪಾಕೆಟ್. ಅರ್ಧ ಕಿಲೋದ ಆಸುಪಾಸು ತೂಕ. ಕೀಲು ಬಿಗಿಯಾಗಿದೆ. ಟೈಪ್-ಸಿ ವೈರಿನಿಂದ ಪವರ್ ಬ್ಯಾಂಕಿನಲ್ಲೇ ಚಾರ್ಜ್ ಆಗುತ್ತದೆ, ಗೋಡೆ ಹುಡುಕಬೇಕಿಲ್ಲ. ಲಿನಕ್ಸ್ ಹಾಕಿಸಿದೆ, ಕಗಪ ಆರಿಸಿದೆ. ಕೊರತೆ ಇಲ್ಲವೆಂದಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಅದರ ಹೊಟ್ಟೆ ಕಾವಲಿಯ ಹಾಗೆ ಕಾಯುತ್ತದೆ, ಕೆಳಗೆ ಟವೆಲ್ ಹಾಸಿಕೊಳ್ಳಬೇಕು. ಬಯಲಿನಲ್ಲಿ ಪರದೆ ಕಾಣುವುದಿಲ್ಲ, ಅದೇ ಟವೆಲ್ ತಲೆಯ ಮೇಲೆ ಎಳೆದುಕೊಳ್ಳಬೇಕು. ಮೊದಲ ತಿಂಗಳು ಕಿರುಬೆರಳು ದಾರಿ ತಪ್ಪುತ್ತಿತ್ತು. ಚಿಕ್ಕಂದಿನಲ್ಲಿ ಟೈಪಿಂಗ್ ಕಲಿಸಿದ ಮೇಷ್ಟ್ರು ನಮ್ಮ ಕೈಗಳ ಮೇಲೆ ಬಟ್ಟೆ ಹೊದಿಸಿ ಟೈಪ್ ಮಾಡಿಸುತ್ತಿದ್ದರು. ನಾನೂ ರಾತ್ರಿ ಲೈಟು ಆರಿಸಿ, ಕಣ್ಣು ಮುಚ್ಚಿ, ತಾಲ್ಲೂಕಿನ ಊರುಗಳ ಹೆಸರು ಒಂದೊಂದಾಗಿ ಬರೆದೆ. ಚಂಡ್ರಿಕಿ, ಗಾಜರಕೋಟ್, ಪುಟಪಾಕ್, ಕೊಂಕಲ್, ಯಲ್ಹೇರಿ, ಕಂದಕೂರು. ಲೈಟು ಹಾಕಿ ತಪ್ಪು ಎಣಿಸಿದೆ. ದಿನ ಕಳೆದಂತೆ ತಪ್ಪು ಕಡಿಮೆಯಾದವು. ಒಂದು ರಾತ್ರಿ ಕಂದಕೂರು ಕಂದಕೂರಾಗಿಯೇ ಬಂತು.

ಮುಂದಿನ ನಾಗರ ಪಂಚಮಿಗೆ ಮತ್ತೆ ಆ ಗುಡ್ಡ ಹತ್ತಿದೆ. ಮಳೆ ಇತ್ತು. ಒಂದು ಬಂಡೆಯ ಕೆಳಗೆ ಕೂತು, ಟವೆಲ್ ಮುಸುಕು ಹಾಕಿ ಬರೆದೆ. ಹನಿ ಬಿದ್ದರೆ ಬೀಳಲಿ, ಕೀಲಿಗೆ ಬೆರಳಿನ ಭಾರ ಯಾವುದು ಹನಿಯ ಭಾರ ಯಾವುದು ಎಂದು ಗೊತ್ತು. ಇಬ್ಬರು ಹುಡುಗರು ಅಂಗೈಯಲ್ಲಿ ಚೇಳು ಹಿಡಿದುಕೊಂಡೇ ಬಂದು ನನ್ನ ಯಂತ್ರವನ್ನು ಬಗ್ಗಿ ನೋಡಿದರು. ಅವರು ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದೆ.

ಆ ರಾತ್ರಿ ವಾಪಸು ಬಂದದ್ದು ಅದೇ ಕಂಡಕ್ಟರನ ಬಸ್ಸಿನಲ್ಲಿ. ಬಸ್ಸು ಖಾಲಿಯಾಗುತ್ತ ಬಂದಿತ್ತು. ಆತ ನನ್ನ ಪಕ್ಕಕ್ಕೆ ಬಂದು ಕೂತ.

“ಇದು ನಿಮ್ಮ ಮಶೀನೇನ್ರಿ ಸರ? ಟಿಕೆಟ್ ಬರಲ್ಲ?”

“ಬರಲ್ಲ ಅಣ್ಣ. ಬರೀ ಅಕ್ಷರ ಬರ್ತಾವ.”

ಈಚೆಗೆ ರಾಜ್ಯದ ಸಾರಿಗೆ ನಿಗಮಗಳಿಗೆ ಯುಪಿಐ ತಗೊಳ್ಳುವ ಟಚ್ ಪರದೆಯ ಮಶೀನುಗಳು ಬರುತ್ತಿವೆಯಲ್ಲ, ಆ ಮಾತು ತೆಗೆದ. ಚಿಲ್ಲರೆ ಕಾಟ ತಪ್ಪುತ್ತದೆ, ಅದು ಒಳ್ಳೆಯದೇ ಎಂದ. ತನ್ನ ಹಳೆಯ ಮಶೀನಿನ ಸವೆದ ಐದರ ಮೇಲೆ ಹೆಬ್ಬೆರಳು ಆಡಿಸುತ್ತ, “ಆದ್ರ ಗಾಜಿಗಿ ನೋಡಿ ಒತ್ತಬೇಕಾಗ್ತದಲ್ರಿ” ಎಂದ. ನಾನು ಯಂತ್ರವನ್ನು ಅವನ ತೊಡೆಯ ಮೇಲೆ ಇಟ್ಟೆ. ಏನು ಬರೆಯಲಿ ಎಂದ. ಊರ ಹೆಸರು ಬರಿ ಎಂದೆ. ಒಂದೇ ಹೆಬ್ಬೆರಳಿನಲ್ಲಿ ಗ ಹುಡುಕಿದ, ಉ ಹುಡುಕಿದ, ನಿಧಾನವಾಗಿ ಗುರುಮ ಎಂಬವರೆಗೆ ಬಂದು ನಿಂತ. ಪರದೆಯ ಬೆಳಕು ಅವನ ಮುಖದ ಮೇಲೆ ಬಿದ್ದಿತ್ತು. ಹೊರಗೆ ಊರಿನ ಮೊದಲ ದೀಪ ಕಾಣುತ್ತಿತ್ತು.

“ಠ ಎಲ್ಲದ್ರಿ ಸರ?”

ಅವನ ಎಡಗೈಯ ಕಿರುಬೆರಳು ಹಿಡಿದು ಶಿಫ್ಟಿನ ಮೇಲೆ ಇಟ್ಟೆ.